ಹಲ್ಲಿನ ಡಾಕ್ಟರ ಮೇಲೊಂದು ಕೇಸು

ಜೂನ್ 5, ಸೋಮವಾರ

ಕೇಸು ಹಾಕಿಯೇ ಬಿಟ್ಟೆ. ಅಪ್ಪ ಇದ್ದಾಗಿನಿಂದ ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ತಳ್ಳಿಕೊಂಡು ಬಂದ ಕೆಲಸ ಇವತ್ತು ಬೆಳಗಿನ ಟ್ರಿಪ್ಪಿಗೂ ಸಂಜೆಯ ಟ್ರಿಪ್ಪಿಗೂ ನಡುವೆ ಮುಗಿದುಹೋಯಿತು. ಸ್ಕೂಲ್ ಬಸ್ಸನ್ನು ಕೋರ್ಟಿನ ಹಿಂದಿನ ಬೀದಿಯಲ್ಲಿ ನಿಲ್ಲಿಸಿ, ಡ್ರೈವರ್ ಯೂನಿಫಾರ್ಮಿನಲ್ಲೇ ಒಳಗೆ ಓಡಿದೆ.

ನಮ್ಮದು ವಿಚಿತ್ರ ಸ್ಥಿತಿ. ಬೀದಿಗೆ ಮುಖ ಮಾಡಿದ ನಾಲ್ಕು ಕೋಣೆ, ಅದರಲ್ಲೊಂದು ದೊಡ್ಡ ಹಾಲ್, ಜಗಲಿ, ದೊಡ್ಡ ದೊಡ್ಡ ಕಿಟಕಿ, ಎಲ್ಲ ಹಲ್ಲಿನ ಡಾಕ್ಟರ ಕೈಯಲ್ಲಿ. ಮನೆ ನನ್ನದು, ಆದರೆ ಹಿಂದುಗಡೆ ಗೋಡೌನಿನಂಥ ಎರಡು ಕೋಣೆಗಳಲ್ಲಿ ನಾನು, ನನ್ನವಳು, ಅಮ್ಮ. ಅಪ್ಪ ಒಪ್ಪಿಕೊಂಡ ಬಾಡಿಗೆ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಬಾಡಿಗೆ ನಿಯಂತ್ರಣದ ಕಾನೂನು ಬಂದು ಅದನ್ನು ಇದ್ದಲ್ಲೇ ಮೊಳೆ ಹೊಡೆದು ನಿಲ್ಲಿಸಿತು. ಈಗ ಡಾಕ್ಟರು ಕೊಡುವ ತಿಂಗಳ ಬಾಡಿಗೆಯಲ್ಲಿ ಅವರ ಕೈಯಲ್ಲೇ ಒಂದು ಹಲ್ಲು ಕೀಳಿಸಿಕೊಳ್ಳಲೂ ಆಗುವುದಿಲ್ಲ. ಸ್ವಲ್ಪ ಜಾಸ್ತಿ ಮಾಡಿ ಎಂದರೆ "ಕಾನೂನು ಓದಪ್ಪಾ" ಎನ್ನುತ್ತಾರೆ. ಛಾವಣಿ ಸೋರುತ್ತದೆ ಎಂದು ನನಗೇ ನೋಟೀಸು ಕೊಡುತ್ತಾರೆ. ಕಾರನ್ನು ಗೇಟಿಗೆ ಅಡ್ಡ ನಿಲ್ಲಿಸುತ್ತಾರೆ, ನಾನು ಪಕ್ಕದ ಸಂದಿಯಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡೆದು ಮನೆ ಸೇರುತ್ತೇನೆ.

ಇಂಥ ಹಳೇ ಬಾಡಿಗೆದಾರರನ್ನು ಸುಮ್ಮಸುಮ್ಮನೆ ಎಬ್ಬಿಸುವ ಹಾಗಿಲ್ಲ, ಕಾನೂನು ಒಪ್ಪುವ ಕಾರಣ ಬೇಕು ಎಂದರು ವಕೀಲಮ್ಮ.

"ಜಾಗ ನಿಮ್ಮ ಸ್ವಂತ ಉಪಯೋಗಕ್ಕೆ ಬೇಕಾ? ಏನಕ್ಕೆ ಬೇಕು, ಹೇಳಿ."

ನನಗೆ ಬೇಕಿರುವುದು ಬೇಕರಿಯವನಿಗೆ ಕೊಡಲು. ಆ ಹಾಲ್ ಸಿಕ್ಕರೆ ನಾಳೆಯೇ ಬರುತ್ತೇನೆ, ಕೇಳಿದಷ್ಟು ಬಾಡಿಗೆ ಕೊಡುತ್ತೇನೆ ಎಂದು ಅವನು ಬೆನ್ನು ಬಿದ್ದಿದ್ದಾನೆ. ಅದನ್ನು ಇಲ್ಲಿ ಬಾಯಿ ಬಿಡಬಾರದು ಎಂದು ವಕೀಲಮ್ಮನ ಮುಖ ನೋಡಿಯೇ ಗೊತ್ತಾಯಿತು. ತಟ್ಟನೆ ಹೊಳೆಯಿತು. ಇವಳು ನನ್ನ ಬಸ್ಸಿನ ಮಕ್ಕಳ ಹರಿದ ಬ್ಯಾಗುಗಳನ್ನು ಹೊಲಿದುಕೊಡುತ್ತಾಳಲ್ಲ.

"ನಮ್ಮ ಮನೆಯವರು ಸ್ಕೂಲ್ ಬ್ಯಾಗ್ ಕೆಲ್ಸ ಮಾಡ್ತಾರೆ ಮೇಡಂ. ಹಿಂದೆ ಜಾಗ ಸಾಲ್ತಿಲ್ಲ."

"ಒಳ್ಳೇದು. ಅದನ್ನೇ ಬರೆಯೋಣ."

ಎಷ್ಟು ಸಲೀಸಾಗಿ ಬಾಯಿಗೆ ಬಂತು. ವಾಪಸ್ ಬಸ್ಸಿಗೆ ಓಡುವಾಗ ಶಿಳ್ಳೆ ಹೊಡೆದುಕೊಂಡೇ ಓಡಿದೆ.

ಜೂನ್ 8, ಗುರುವಾರ

ಮನೆಯಲ್ಲಿ ವಿಷಯ ಹೇಳಿದೆ. ಇವಳು ಒಂದು ಬ್ಯಾಗಿನ ಪಟ್ಟಿ ಬಿಚ್ಚುತ್ತಿದ್ದವಳು ಕತ್ತರಿ ಕೆಳಗಿಟ್ಟಳು.

"ನನ್ನ ಕೆಲ್ಸಾನ ಕೋರ್ಟಲ್ಲಿ ಬರೆಸಿದ್ರಾ? ಏನಂತ?"

"ಸ್ಕೂಲ್ ಬ್ಯಾಗ್ ರಿಪೇರಿ ಮತ್ತು ತಯಾರಿಕೆ ಅಂತ."

"ತಯಾರಿಕೆ ನಾನು ಯಾವತ್ತು ಮಾಡಿದೀನಿ?"

"ವಕೀಲಮ್ಮ ಸೇರಿಸಿದ್ರು. ಮಾತಿಗೆ. ನೋಡು, ಒಂದಷ್ಟು ದಿನ ಸ್ವಲ್ಪ ಜೋರಾಗಿ ಮಾಡು. ಕೋರ್ಟಿನವರು ಬಂದು ನೋಡಿದ್ರೆ ಕೆಲ್ಸ ಇದೆ ಅನ್ನಿಸ್ಬೇಕು."

ಎಷ್ಟೋ ಹೊತ್ತಿನ ಮೇಲೆ, ಪಾತ್ರೆ ತೊಳೆಯುತ್ತಾ, "ಆ ಹಾಲಿನ ಕಿಟಕಿ ಹತ್ರ ಸಂಜೆ ತನಕ ಬೆಳಕಿರತ್ತೆ ಅಲ್ವಾ?" ಎಂದು ಕೇಳಿದಳು. ಇರತ್ತೆ ಎಂದೆ. ನಗು ಬಂತು, ತಡೆದುಕೊಂಡೆ.

ಅಮ್ಮನದು ಬೇರೆಯೇ ರಾಗ. "ಡಾಕ್ಟರ ಮೇಲೆ ಕೇಸಾ? ಈಗ್ಲೇ ಹಾಕ್ಬೇಕಿತ್ತೇನೋ? ನನ್ನ ಹಲ್ಲಿನ ಅಳತೆ ಕೊಟ್ಟು ಬಂದಿದೀನಿ ಕಣೋ."

ಇದು ನನಗೆ ಗೊತ್ತೇ ಇರಲಿಲ್ಲ. ಡಾಕ್ಟರು ಅಮ್ಮನಿಗೆ ಪೂರ್ತಿ ಸೆಟ್ಟು ಹಲ್ಲು ಮಾಡಿಕೊಡುತ್ತಿದ್ದಾರಂತೆ. ನನ್ನ ಹೆತ್ತಮ್ಮನ ಬಾಯಿಯನ್ನೇ ಒತ್ತೆ ಇಟ್ಟುಕೊಂಡಿದ್ದಾರೆ. ಎಂಥ ಕಿಲಾಡಿ. ಆದರೆ ನಾನೂ ಕಮ್ಮಿಯೇನಲ್ಲ.

ಜೂನ್ 24, ಶನಿವಾರ

ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಬಸ್ಸಿನಲ್ಲಿ ಮಕ್ಕಳಿಗೆ ಒಂದು ಮಾತು ಹೇಳಿದ್ದೇ ತಡ, ಹರಿದದ್ದು, ಜಿಪ್ಪು ಹೋದದ್ದು, ತಳ ಕಿತ್ತದ್ದು ಎಲ್ಲ ಬಂದು ಬಿತ್ತು. ಮಂಚದ ಮೇಲೆ, ಮಂಚದ ಕೆಳಗೆ, ಬಾಗಿಲ ಚಿಲಕಕ್ಕೆ, ಎಲ್ಲೆಲ್ಲೂ ಬ್ಯಾಗು. ನನಗೋ ಖುಷಿಯೋ ಖುಷಿ. ಎಂಥ ಸಾಕ್ಷಿ.

ಡಿಪೋದಲ್ಲಿ ಹಳೇ ಸೀಟುಗಳ ರೆಕ್ಸಿನ್ ಬಿಸಾಡಲು ಇಟ್ಟಿದ್ದರು. ಸುಮ್ಮನೆ ತಂದುಕೊಟ್ಟೆ. ಇವಳು ಅದನ್ನು ತಿಕ್ಕಿ ತೊಳೆದು, ಕತ್ತರಿಸಿ, ಇವತ್ತು ಒಂದು ಇಡೀ ಬ್ಯಾಗು ಹೊಲಿದೇ ಬಿಟ್ಟಳು. ನೆಲದ ಮೇಲಿಟ್ಟರೆ ಬೀಳದೆ ನೆಟ್ಟಗೆ ನಿಲ್ಲುತ್ತದೆ. ಪುಸ್ತಕದ ಭಾರ ಬೆನ್ನಿಗೆ ಒತ್ತದ ಹಾಗೆ ಪಟ್ಟಿಯನ್ನು ಸ್ವಲ್ಪ ಮೇಲಕ್ಕೆ ಹಾಕಿದ್ದಾಳೆ. "ಇದು ನಿಲ್ಲತ್ತಾ ನೋಡಿ" ಎಂದಳು. ನಾನು ಬ್ಯಾಗಿನ ತುಂಬ ಇಟ್ಟಿಗೆ ತುಂಬಿ ಗೋಡೆಯ ಗೂಟಕ್ಕೆ ನೇತುಹಾಕಿದೆ. ಪಟ್ಟಿ ಹಾಗೇ ಇತ್ತು, ಗೂಟವೇ ಗಾರೆ ಸಮೇತ ಕಿತ್ತುಕೊಂಡು ಬಂತು. ಅಮ್ಮ ಬೈದದ್ದೇ ಬೈದದ್ದು. ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು.

ಅವಳು ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ಜುಲೈ 11, ಮಂಗಳವಾರ

ಡಾಕ್ಟರ ಉತ್ತರ ಕೋರ್ಟಿಗೆ ಬಂದಿದೆ. ನಾಲ್ಕೂ ಕೋಣೆ ಅವರಿಗೆ ದಿನಾ ಬೇಕಂತೆ, ರೋಗಿಗಳು ತುಂಬಿ ತುಳುಕುತ್ತಾರಂತೆ, ನನ್ನ ಹೆಂಡತಿಯ ಉದ್ಯೋಗ ಬರೀ ಕಟ್ಟುಕಥೆಯಂತೆ. ಓದಿ ರಕ್ತ ಕುದಿಯಿತು. ಸಾಲದ್ದಕ್ಕೆ ನಿನ್ನೆ ನಮ್ಮ ಕಡೆಯ ನೀರಿನ ವಾಲ್ವಿಗೂ ಬೀಗ ಜಡಿದಿದ್ದರು. ಕೇಳಿದರೆ "ಒತ್ತಡ ಕಮ್ಮಿಯಾಗತ್ತಪ್ಪಾ, ನನ್ನ ಮೆಷಿನ್ನಿಗೆ ನೀರು ಬೇಕು" ಎಂದು ಬಾಗಿಲು ಹಾಕಿಕೊಂಡರು. ವಕೀಲಮ್ಮ ಫೋನಿನಲ್ಲಿ ಗದರಿಸಿದ ಮೇಲೆ ತೆಗೆದರು.

ಇಷ್ಟರ ನಡುವೆ ಬಲಗಡೆಯ ದವಡೆ ಹಲ್ಲು ನೋಯಲು ಶುರುವಾಗಿದೆ. ಈಗಲೇ ಆಗಬೇಕಿತ್ತೇ? ಬೇರೆ ಡಾಕ್ಟರ ಹತ್ತಿರ ಹೋಗೋಣವೆಂದರೆ ಊರಾಚೆ ಹೋಗಬೇಕು, ಬಸ್ಸಿಗೆ ರಜೆ ಹಾಕಬೇಕು. ಲವಂಗ ಇಟ್ಟುಕೊಂಡು ಕೂತಿದ್ದೇನೆ. ಪ್ರಾಣ ಹೋದರೂ ಮುಂದಿನ ಬಾಗಿಲಿಗೆ ಹೋಗುವುದಿಲ್ಲ.

ಜುಲೈ 12, ಬುಧವಾರ

ಹೋದೆ.

ಬೆಳಗಿನ ಟ್ರಿಪ್ಪು ಮುಗಿಸುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಡಾಕ್ಟರು ನನ್ನನ್ನು ನೋಡಿ ಏನೂ ಆಶ್ಚರ್ಯಪಡಲಿಲ್ಲ. ಕುರ್ಚಿ ತೋರಿಸಿದರು.

"ಬಾಯಿ ದೊಡ್ಡದಾಗಿ ತೆಗಿ. ಕೋರ್ಟಲ್ಲಿ ತೆಗ್ದಿದೀಯಲ್ಲ, ಹಾಗೆ."

ಬಾಯಿಯಲ್ಲಿ ಹತ್ತಿ, ಕನ್ನಡಿ, ಇನ್ನೇನೇನೋ ತುಂಬಿಸಿ, ನಾನು ಉತ್ತರ ಕೊಡಲಾಗದ ಹೊತ್ತು ನೋಡಿಕೊಂಡು ತಮ್ಮ ವಾದವನ್ನೆಲ್ಲ ಮಂಡಿಸಿದರು.

"ನಾನು ಬೇರೆ ಜಾಗ ನೋಡಿಲ್ಲ ಅಂದ್ಕೋಬೇಡ. ನೋಡಿದೀನಿ. ಸಿಗೋದೆಲ್ಲ ಮೇಲಿನ ಮಹಡಿ. ನನ್ನ ಪೇಷೆಂಟುಗಳೂ ನನ್ನ ಹಾಗೇ ಮುದುಕರು. ಮೆಟ್ಲು ಹತ್ತಿ ಬಂದು ಹಲ್ಲು ತೋರಿಸ್ತಾರಾ? ಈ ವಯಸ್ಸಲ್ಲಿ ಹೊಸ ಬೀದೀಲಿ ಬೋರ್ಡು ಹಾಕ್ಕೊಂಡು ಕೂತ್ರೆ ನನ್ನ ಯಾರು ಹುಡುಕ್ಕೊಂಡು ಬರ್ತಾರೆ?"

"ಆಂ," ಎಂದೆ.

"ಒಪ್ತೀಯ ಅಂತಾಯ್ತು."

ಕೆಲಸದಲ್ಲಿ ಮಾತ್ರ ಎತ್ತಿದ ಕೈ. ನೋವು ಮಾಯ. ಫೀಸಿನಲ್ಲಿ ಒಂದು ಕಾಸೂ ಬಿಡಲಿಲ್ಲ, ರಸೀದಿ ಹರಿದು ಕೈಗಿಟ್ಟರು. ಇರಲಿ, ನನಗೆ ಅದಕ್ಕಿಂತ ದೊಡ್ಡದು ಸಿಕ್ಕಿದೆ. ಬಾಯಿ ತೊಳೆಯುವಾಗ, ಬೀಗ ಹಾಕಲು ಮರೆತಿದ್ದ ಪಕ್ಕದ ಬಾಗಿಲು ಗಾಳಿಗೆ ತೆರೆದುಕೊಂಡಿತು. ಒಳಗೆ ದೊಡ್ಡ ಹಾಲ್. ಯಾರೂ ಇಲ್ಲ. ಮುರಿದ ಕುರ್ಚಿಗಳು, ಹಳೇ ಪೆಟ್ಟಿಗೆಗಳು, ಕಿಟಕಿಯ ಮುಂದೆ ಮೇಜಿನ ತುಂಬ ಧೂಳು ಹಿಡಿದ ಪ್ಲಾಸ್ಟರಿನ ಹಲ್ಲಿನ ಅಚ್ಚುಗಳು. ಅದರಾಚೆಯ ಕೋಣೆಗೆ ಬೀಗ. ತುಂಬಿ ತುಳುಕುವುದು ಇದೇ ಏನು?

ಅರ್ಧ ಬಾಯಿ ಮರಗಟ್ಟಿದ್ದಾಗಲೇ ವಕೀಲಮ್ಮನಿಗೆ ಫೋನ್ ಮಾಡಿದೆ. ನಾನು ಹೇಳಿದ್ದು ಅವರಿಗೆ ಒಂದಕ್ಷರ ತಿಳಿಯಲಿಲ್ಲ. ಇವಳು ಫೋನ್ ಕಿತ್ತುಕೊಂಡು ಬಿಡಿಸಿ ಹೇಳಿದಳು. ಸ್ಥಳ ನೋಡಿ ವರದಿ ಕೊಡುವ ಕಮಿಷನರನ್ನು ಕಳಿಸಿ ಎಂದು ಕೋರ್ಟಿಗೆ ಕೇಳುತ್ತಾರಂತೆ. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಆಗಸ್ಟ್ 3, ಗುರುವಾರ

ಇಂಥ ದಿನ ನನ್ನ ಜೀವಮಾನದಲ್ಲೇ ಬಂದಿರಲಿಲ್ಲ.

ಕೋರ್ಟಿನ ಕಮಿಷನರ್ ಬೆಳಿಗ್ಗೆ ಬಂದರು, ಕಂಕುಳಲ್ಲಿ ಹಳೇ ಚರ್ಮದ ಚೀಲ. ಮೊದಲು ಡಾಕ್ಟರ ಕಡೆ ಹೋದೆವು. ಬಾಗಿಲು ತೆಗೆದರು. ಕಸವೆಲ್ಲ ಮಾಯ. ಹಾಲಿನ ತುಂಬ ಕುರ್ಚಿ, ಕುರ್ಚಿಯ ತುಂಬ ಜನ, ಎಲ್ಲರೂ ಕೆನ್ನೆ ಹಿಡಿದುಕೊಂಡು ಕೂತಿದ್ದಾರೆ. ಡಾಕ್ಟರು ಕೈ ಕಟ್ಟಿಕೊಂಡು, ನೋಡಿದ್ಯಾ ಎನ್ನುವಂತೆ ನನ್ನನ್ನು ನೋಡಿದರು. ಆ ಸಾಲಿನ ಕೊನೆಯಲ್ಲಿ, ಫ್ಯಾನಿನ ಕೆಳಗೆ, ನನ್ನ ಅಮ್ಮ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸ್ವಂತ ಅಮ್ಮ ಎದುರು ಪಾರ್ಟಿಗೆ ಸೇರಿಬಿಟ್ಟಿದ್ದಾಳೆ.

ಕಮಿಷನರ್ ಬರೆದುಕೊಳ್ಳುತ್ತಾ ಬಂದು ಅಮ್ಮನ ಮುಂದೆ ನಿಂತರು. "ನೀವು ಪೇಷೆಂಟಾ ಅಜ್ಜಿ?"

"ಹೌದಪ್ಪಾ. ಹಲ್ಲು ಮಾಡಿಸ್ತಿದೀನಿ."

"ಯಾವಾಗ್ಲೂ ಈ ಕೋಣೇಲೇ ಕಾಯ್ತೀರಾ?"

"ಇಲ್ಲಪ್ಪಾ. ಇವತ್ತೇ ಮೊದ್ಲು. ದಿನಾ ಇದಕ್ಕೆ ಬೀಗ ಇರತ್ತೆ. ಇವತ್ತು ಇಲ್ಲೇ ಕೂತ್ಕೊಳ್ಳಿ, ಫ್ಯಾನ್ ಚೆನ್ನಾಗಿದೆ ಅಂದ್ರು ಡಾಕ್ಟರು."

ಒಬ್ಬ ರೋಗಿ ಕೆನ್ನೆಯಿಂದ ಕೈ ತೆಗೆದ. ಡಾಕ್ಟರು ಕನ್ನಡಕ ಒರೆಸಿಕೊಳ್ಳತೊಡಗಿದರು. ಕಮಿಷನರ್ ಬರೆದರು, ಬರೆದರು, ಪುಟ ಮಗುಚಿ ಇನ್ನೂ ಬರೆದರು.

ಆಮೇಲೆ ಹಿಂದಕ್ಕೆ ಬಂದೆವು. ಕಮಿಷನರ್ ತಲೆ ತಗ್ಗಿಸಿಕೊಂಡು ಒಳಗೆ ಬಂದರೂ ನೇತುಹಾಕಿದ ಬ್ಯಾಗುಗಳು ಹಣೆಗೆ ಬಡಿದವು. ಇವಳು ಮೆಷಿನ್ ನಿಲ್ಲಿಸಿ ಎದ್ದಳು. ಜಾಗ ಸಿಕ್ಕರೆ ಏನು ಮಾಡ್ತೀರಮ್ಮ ಎಂದು ಅವರು ಕೇಳಿದರು. ನಾನು ಉತ್ತರ ಕಲಿಸಿಕೊಟ್ಟಿದ್ದೆ, 'ಬ್ಯಾಗು ಹೊಲೀತೀನಿ' ಅಂದರೆ ಸಾಕು ಎಂದು. ಅವಳು ಚಾಕ್ ಹಿಡಿದು ನೆಲದ ಮೇಲೆ ಹಾಲಿನ ನಕ್ಷೆಯನ್ನೇ ಬರೆದುಬಿಟ್ಟಳು. ಕಿಟಕಿ ಪಕ್ಕ ಕತ್ತರಿಸುವ ಮೇಜು, ಗೋಡೆಗೆ ಎರಡು ಮೆಷಿನ್, ಬಾಗಿಲ ಹತ್ತಿರ ತಯಾರಾದ ಮಾಲು, ಇನ್ನೊಂದು ಮೂಲೆ ಕೆಲಸ ಕಲಿಯಲು ಬರುವ ಹೆಂಗಸರಿಗೆ. ಎದುರು ಬೀದಿಯ ಇಬ್ಬರು ಬರುತ್ತೇನೆ ಎಂದಿದ್ದಾರಂತೆ. ನನಗೆ ಇದೊಂದೂ ಗೊತ್ತಿಲ್ಲ. ಕಮಿಷನರ್ ಬಗ್ಗಿ ಬಗ್ಗಿ ನೋಡಿದರು. ಹೋಗುವಾಗ ಅವರ ಚೀಲದ ಹಿಡಿ ಕಿತ್ತದ್ದನ್ನು ನೋಡಿ ಇವಳು ನಿಂತ ನಿಲುವಿನಲ್ಲೇ ಹೊಲಿದುಕೊಟ್ಟಳು.

ಎಂಥ ನಟನೆ. ನಾನು ನಂಬುವಷ್ಟು ಚೆನ್ನಾಗಿ ಮಾಡಿದಳು.

ಆಗಸ್ಟ್ 20, ಭಾನುವಾರ

ಬೇಕರಿಯವನು ಇವತ್ತೇ ಬರಬೇಕಿತ್ತೇ? ಕಮಿಷನರ್ ವರದಿ ನಮ್ಮ ಕಡೆ ಇದೆ ಎಂದು ಯಾರೋ ಊದಿದ್ದಾರೆ. ಟೇಪು ಹಿಡಿದುಕೊಂಡು ಸಂದಿಯಿಂದಲೇ ಕೂಗಿದ, "ಯಜಮಾನ್ರೇ, ಓವನ್ ಎಲ್ಲಿ ಕೂರಿಸೋದು ಅಂತ ಹೊರಗಿನಿಂದಾದ್ರೂ ಒಂದ್ಸಲ ಅಳತೆ ನೋಡ್ಬಿಡೋಣ."

ಮೆಷಿನ್ ನಿಂತಿತು. ಅವನನ್ನು ಸಾಗಹಾಕಿ ಒಳಗೆ ಬಂದೆ.

"ಯಾವ ಓವನ್ನು?" ಎಂದಳು.

ಹೇಳಿದೆ. ಬಾಡಿಗೆ ಚೆನ್ನಾಗಿ ಬರತ್ತೆ, ನೀನು ಕಣ್ಣು ಕೆಡಿಸ್ಕೊಂಡು ಹೊಲಿಯೋದು ತಪ್ಪತ್ತೆ, ನಿನಗೂ ಆರಾಮು ಎಂದೆ.

"ನಾನು ಆರಾಮು ಬೇಕು ಅಂತ ಯಾವತ್ತು ಕೇಳಿದೆ?"

"ಹಾಗಲ್ಲ..."

"ನಾನು ಕಮಿಷನರಿಗೆ ತೋರಿಸಿದ್ದೆಲ್ಲ?"

"ಅದು ಕೇಸಿಗೆ."

"ಹೂಂ," ಎಂದಳು. ಮತ್ತೆ ಕೂತು ಅದೇ ಬ್ಯಾಗನ್ನು ಮುಗಿಸಿದಳು, ಹಲ್ಲಿನಲ್ಲಿ ದಾರ ಕಡಿದಳು.

ಆಗಸ್ಟ್ 27, ಭಾನುವಾರ

ಅವಳು ಅಮ್ಮನ ಮೂಲಕ ಮಾತಾಡುತ್ತಿದ್ದಾಳೆ. "ಅತ್ತೆ, ಟೀ ಆಗಿದೆ ಅಂತ ಹೇಳಿ." ನಾನು ಎರಡಡಿ ದೂರದಲ್ಲಿ ಕೂತಿರುತ್ತೇನೆ.

ಮೆಷಿನ್ ಕಿರ್ ಎನ್ನುತ್ತಿತ್ತು. ಬಿಚ್ಚಿ ಎಣ್ಣೆ ಹಾಕಿದೆ, ಬೆಲ್ಟು ಬದಲಾಯಿಸಿದೆ. ಡಿಪೋದಿಂದ ಇನ್ನೊಂದು ಸುರುಳಿ ರೆಕ್ಸಿನ್ ತಂದೆ, ನೀಲಿ. ಸಾಕ್ಷಿ ಹೇಳುವ ದಿನ ಹತ್ತಿರ ಬಂತಲ್ಲ, ಎಲ್ಲ ಸರಿಯಾಗಿರಬೇಕು.

ಸೆಪ್ಟೆಂಬರ್ 6, ಬುಧವಾರ

ಇದನ್ನು ಬರೆಯದೆ ಊಟಕ್ಕೂ ಏಳುವುದಿಲ್ಲ.

ಬಾಡಿಗೆ ಕೋರ್ಟಿನ ಹಾಲ್ ಚಿಕ್ಕದು. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ನಾವು. ಇವಳು ಕಟಕಟೆಗೆ ಹೋದಳು, ಹೆಗಲಿಗೆ ಅವಳೇ ಹೊಲಿದ ನೀಲಿ ಬ್ಯಾಗು. ವಕೀಲಮ್ಮ ಕೇಳಿದ್ದಕ್ಕೆಲ್ಲ ಚೊಕ್ಕವಾಗಿ ಉತ್ತರ ಕೊಟ್ಟಳು. ನಾನು ಕೂತಲ್ಲೇ ಹಿಗ್ಗಿದೆ. ಆಮೇಲೆ ಡಾಕ್ಟರ ವಕೀಲರು ಎದ್ದರು, ಸಣಕಲು ಮನುಷ್ಯ, ಪ್ರತಿ ಪ್ರಶ್ನೆಗೂ ಮುಂಚೆ ಕೆಮ್ಮುತ್ತಾರೆ.

"ಈ ಬ್ಯಾಗಿನ ಉದ್ಯೋಗ ಅನ್ನೋದು ಈ ಕೇಸಿಗೋಸ್ಕರ ಹುಟ್ಟಿಸಿದ್ದು. ಅಲ್ವೇನಮ್ಮ?"

ಅಲ್ಲ ಎನ್ನಬೇಕಿತ್ತು. ಅಷ್ಟೇ.

"ಹೌದು," ಎಂದಳು.

ವಕೀಲಮ್ಮನ ಪೆನ್ನು ಕೆಳಗೆ ಬಿತ್ತು. ಆ ವಕೀಲರಿಗೆ ಎಷ್ಟು ಸಂತೋಷವಾಯಿತೆಂದರೆ ಕೆಮ್ಮುವುದನ್ನೇ ಮರೆತರು. "ಸ್ವಲ್ಪ ಜೋರಾಗಿ ಹೇಳಿ."

"ಹೌದು ಅಂದೆ. ಮೊದ್ಲು ನಾನು ಹರಿದಿದ್ದು ಹೊಲೀತಿದ್ದೆ, ಅಷ್ಟೇ. ನಮ್ಮ ಯಜಮಾನ್ರು ಕೇಸು ಹಾಕೋವಾಗ ಬಾಯಿಗೆ ಬಂದಿದ್ದು ಹೇಳಿದ್ರು. ಅವರಿಗೆ ಬೇರೆ ಉದ್ದೇಶ ಇತ್ತು."

"ಅಂದ್ರೆ ಈ ಜಾಗದ ಅಗತ್ಯ ಇಲ್ಲ ಅಂತಾಯ್ತು."

"ಅವರಿಗಿಲ್ಲ. ನಂಗಿದೆ."

ನ್ಯಾಯಾಧೀಶರು ಅಲ್ಲಿಯವರೆಗೆ ತಲೆ ಬಗ್ಗಿಸಿ ಬರೆಯುತ್ತಿದ್ದರು. ಈಗ ತಲೆ ಎತ್ತಿದರು. "ನಿಧಾನವಾಗಿ ಹೇಳಿ, ಅಮ್ಮ."

"ಸ್ವಾಮಿ, ಜೋರಾಗಿ ಕೆಲ್ಸ ಮಾಡ್ದಂಗೆ ತೋರಿಸು ಅಂದ್ರು. ತೋರಿಸೋಕೆ ಅಂತ ಕೂತೆ. ಕೂತ ಮೇಲೆ ಒಂದೊಂದೇ ಗೊತ್ತಾಯ್ತು. ಪಟ್ಟಿ ಯಾಕೆ ಕಿತ್ತೋಗತ್ತೆ, ತಳ ಯಾಕೆ ಹರಿಯತ್ತೆ. ಹಾಗಾಗದ ಬ್ಯಾಗು ನಾನೇ ಮಾಡ್ಬೋದು ಅನ್ನಿಸ್ತು, ಮಾಡಿದೆ. ಈಗ ಎರಡು ಸ್ಕೂಲಿನವರು ಕೇಳಿದಾರೆ. ಆಗಲ್ಲ ಅಂದಿದೀನಿ. ಮಂಚದ ಮೇಲೆ ಕತ್ತರಿಸ್ತೀನಿ, ಅತ್ತೆ ಮಲಗೋ ಹೊತ್ತಿಗೆ ಎಲ್ಲಾ ಎತ್ತಿಡ್ತೀನಿ. ಕೇಸು ಸುಳ್ಳಿಂದ ಶುರುವಾಯ್ತು, ನಿಜ. ಈಗ ಅದು ಸುಳ್ಳಲ್ಲ."

ಸ್ವಲ್ಪ ತಡೆದು ಡಾಕ್ಟರ ಕಡೆ ನೋಡಿದಳು. "ಡಾಕ್ಟರನ್ನ ಬೀದಿಗೆ ಹಾಕಿ ಅಂತ ನಾನು ಕೇಳ್ತಿಲ್ಲ. ಅವರ ಕುರ್ಚಿ ಇರೋ ಕೋಣೆ, ಪೇಷೆಂಟು ಕೂರೋ ಕೋಣೆ ಅವರಿಗಿರ್ಲಿ. ಬೀಗ ಹಾಕಿರೋದು ನಂಗೆ ಕೊಡ್ಲಿ."

ನ್ಯಾಯಾಧೀಶರು ಅವಳ ಹೆಗಲ ಮೇಲಿದ್ದ ಬ್ಯಾಗು ತರಿಸಿಕೊಂಡರು. ತಳ ನೋಡಿದರು, ಪಟ್ಟಿ ಎಳೆದು ನೋಡಿದರು, ಜಿಪ್ಪನ್ನು ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಿಸಿದರು. ಡಾಕ್ಟರ ವಕೀಲರಿಗೆ ಮತ್ತೆ ಕೆಮ್ಮು ಶುರುವಾಯಿತು.

ಹೊರಗೆ ಬಂದ ಮೇಲೆ ವಕೀಲಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಮನೆಯವರು ಕೇಸು ಮುಳುಗಿಸಿದ್ರೋ ತೇಲಿಸಿದ್ರೋ ಇನ್ನೂ ಗೊತ್ತಿಲ್ಲ. ಅದಿರ್ಲಿ, ಅದೇನ್ರೀ ಬೇರೆ ಉದ್ದೇಶ? ಬೇರೆಯವರಿಗೆ ಬಾಡಿಗೆ ಕೊಡೋದಾ? ಹಾಗೆ ಮಾಡಿದ್ರೆ ಡಾಕ್ಟರು ವಾಪಸ್ ಬಂದು ಕೂತ್ಕೋತಾರೆ, ಕಾನೂನಲ್ಲಿ ಹಾಗಿದೆ." ನಾನು ಹೋಂವರ್ಕ್ ಮಾಡದ ಮಗುವಿನ ಹಾಗೆ ನಿಂತಿದ್ದೆ.

ಕೋಪ ಬರಬೇಕಿತ್ತು. ಬಂತೋ ಇಲ್ಲವೋ ನೆನಪಿಲ್ಲ. ಕಣ್ಣ ಮುಂದೆ ಇರುವುದು ಅವಳು ಕಟಕಟೆಯ ಅಂಚು ಹಿಡಿದು 'ನಂಗಿದೆ' ಎಂದದ್ದೊಂದೇ. ಆ ಎರಡನೇ ಸ್ಕೂಲು ಯಾವುದು? ನನಗೆ ಯಾಕೆ ಹೇಳಲಿಲ್ಲ?

ಸೆಪ್ಟೆಂಬರ್ 9, ಶನಿವಾರ

ಬ್ಯಾಗಿನ ಪಟ್ಟಿಗೆ ಬಕಲ್ ಸಿಕ್ಕಿತು. ಬೆಳಗಿನಿಂದ ಮಾರ್ಕೆಟ್ಟಿನ ಅಂಗಡಿ ಅಂಗಡಿ ಸುತ್ತಿದೆ, ಎಲ್ಲರೂ ಪ್ಲಾಸ್ಟಿಕ್ಕಿನದೇ ತೋರಿಸುತ್ತಾರೆ, ಅದು ಚಿಕ್ಕ ಮಕ್ಕಳ ಕೈಯಲ್ಲಿ ಒಂದು ವಾರ ಬಾಳುವುದಿಲ್ಲ ಎಂದು ಇವಳು ಅಮ್ಮನ ಹತ್ತಿರ ಹೇಳುತ್ತಿದ್ದಳು. ಕೊನೆಗೆ ಕುದುರೆ ಜೀನು ಮಾಡುವವನ ಹತ್ತಿರ ಸಿಕ್ಕಿತು, ಗಟ್ಟಿ ಲೋಹದ್ದು, ಒಂದೇ ಬೆರಳಲ್ಲಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ದಾರಿಯಲ್ಲಿ ಬೇಕರಿಯವನು ಅಡ್ಡ ಹಾಕಿದ, ಬೇರೆ ಜಾಗ ನೋಡಿಕೋ ಎಂದೆ. ಮನೆಗೆ ತಂದು ಅವಳ ಮುಂದೆ ಸುರಿದೆ. ಒಂದನ್ನು ಎತ್ತಿ ಟಕ್ ಎಂದು ಹಾಕಿ ನೋಡಿದಳು, ತೆಗೆದಳು, ಮತ್ತೆ ಹಾಕಿದಳು.

"ಇದು ಎಲ್ಲಿ ಸಿಕ್ತು ರೀ?"

ಅಮ್ಮನ ಮೂಲಕ ಅಲ್ಲ, ನನ್ನನ್ನೇ ಕೇಳಿದಳು. ಮಾರ್ಕೆಟ್ಟಿನ ಕಥೆಯನ್ನೆಲ್ಲ ಎರಡು ಸಲ ಹೇಳಿದೆ.

ಅಕ್ಟೋಬರ್ 12, ಗುರುವಾರ

ಸಿಕ್ಕಿತು. ಅರ್ಧ ಸಿಕ್ಕಿತು. ಬೇಕಾದ ಅರ್ಧವೇ ಸಿಕ್ಕಿತು.

ನ್ಯಾಯಾಧೀಶರು ಓದುವಾಗ ನನಗೆ ಮೊದಲು ಅರ್ಥವಾಗಲಿಲ್ಲ. ಗಂಡ ಹೇಳಿದ ಕಾರಣ ಹೇಳಿದ ದಿನ ನಿಜವಾಗಿರಲಿಲ್ಲ, ಆದರೆ ಇವತ್ತಿನ ಅಗತ್ಯ ನಿಜವಾದದ್ದು, ಹೆಂಡತಿಯ ಸಾಕ್ಷಿ ತನಗೇ ನಷ್ಟವಾಗಬಹುದಾದದ್ದನ್ನೂ ಮುಚ್ಚಿಡದ ಕಾರಣ ನಂಬಲರ್ಹ ಎಂದರು. ಬಾಡಿಗೆದಾರರಿಗೂ ತೊಂದರೆಯಾಗಬಾರದು, ಆದ್ದರಿಂದ ಚಿಕಿತ್ಸೆಯ ಕೋಣೆಯೂ ಕಾಯುವ ಕೋಣೆಯೂ ಡಾಕ್ಟರಿಗೆ, ಹಾಲ್ ಮತ್ತು ಬೀಗ ಹಾಕಿದ ಕೋಣೆ ನಮಗೆ. ಜಗಲಿ ಇಬ್ಬರಿಗೂ. ಗೇಟು ಯಾರೂ ಅಡ್ಡಗಟ್ಟಬಾರದು. ನನಗೂ ನಾಲ್ಕು ಮಾತು ಬಿತ್ತು, ತಲೆ ತಗ್ಗಿಸಿ ಕೇಳಿಸಿಕೊಂಡೆ, ಒಳಗೊಳಗೇ ಹಾಡು ಹೇಳಿಕೊಳ್ಳುತ್ತಿದ್ದೆ. ವಕೀಲಮ್ಮ ಇವಳ ಕೈ ಕುಲುಕಿದರು. ನನ್ನ ಕೈ ಕುಲುಕಲಿಲ್ಲ.

ಡಾಕ್ಟರು ಮೆಟ್ಟಿಲ ಮೇಲೆ ಒಬ್ಬರೇ ನಿಂತಿದ್ದರು. ಏನಾದರೂ ಚುಚ್ಚು ಮಾತಾಡುತ್ತಾರೆ ಎಂದು ತಯಾರಾಗಿ ಹೋದೆ.

"ಆ ಅಚ್ಚುಗಳನ್ನೆಲ್ಲ ಎಲ್ಲಿಡ್ಲಪ್ಪಾ?" ಎಂದರು. "ಕೆಲ್ಸಕ್ಕೆ ಬಾರದ್ದು, ನಂಗೂ ಗೊತ್ತು. ಅದ್ರಲ್ಲಿ ಅರ್ಧ ಜನ ಈಗಿಲ್ಲ. ಬಿಸಾಡೋಕೆ ಕೈ ಬರಲ್ಲ."

ಆ ಹಾಲಿಗೆ ಯಾಕೆ ಬೀಗ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ಇವಳು ಪಕ್ಕಕ್ಕೆ ಬಂದು, "ಎಷ್ಟು ದೊಡ್ಡದಿರತ್ತೆ ಒಂದೊಂದು?" ಎಂದು ಕೇಳಿದಳು. ಡಾಕ್ಟರು ಅಂಗೈ ಮುಚ್ಚಿ ತೋರಿಸಿದರು.

ನವೆಂಬರ್ 4, ಶನಿವಾರ

ಹಾಲ್ ಖಾಲಿಯಾಯಿತು. ಬೆಳಗಿನಿಂದ ನಾನೂ ಡಾಕ್ಟರೂ ಸೇರಿ ಹೊತ್ತೆವು. ಇವಳು ದಪ್ಪ ಬಟ್ಟೆಯಲ್ಲಿ ಸಾಲು ಸಾಲು ಜೇಬು ಇಟ್ಟು ಗೋಡೆಯುದ್ದದ ಒಂದು ತೂಗುಪರದೆ ಹೊಲಿದಿದ್ದಾಳೆ. ಜೇಬಿಗೊಂದು ಅಚ್ಚು. ಕಾಯುವ ಕೋಣೆಯಲ್ಲಿ ನೇತುಹಾಕಿದೆವು. ಡಾಕ್ಟರು ಒಂದೊಂದನ್ನೂ ಒರೆಸಿ ಇಡುತ್ತಾ ಹೇಳುತ್ತಿದ್ದರು, ಇವರು ಪೋಸ್ಟ್ ಮಾಸ್ಟರು, ಇವರಿಗೆ ಸೂಜಿ ಕಂಡರೆ ಭಯ, ಈ ಹುಡುಗಿಯ ಮದುವೆಗೆ ಮುಂಚೆ ಮುಂದಿನ ಹಲ್ಲು ಸರಿ ಮಾಡಿದೆ. ಒಂದನ್ನು ನನ್ನ ಕೈಗೆ ಕೊಟ್ಟರು. ಕೆಳಗಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು.

"ನಿಮ್ಮಪ್ಪ," ಎಂದರು. "ಬಾಡಿಗೆ ಕೇಳೋಕೆ ಬಂದು ಹಲ್ಲು ತೋರಿಸ್ಕೊಂಡು ಹೋಗೋರು."

ನಾನು ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ. ಆಮೇಲೆ ಮೇಲಿನ ಸಾಲಿನ ಜೇಬಿಗೆ ಇಟ್ಟೆ.

ಅಮ್ಮನ ಹಲ್ಲೂ ಬಂತು. ನಾನು ಬಿಡಲಿಲ್ಲ, "ಕೇಸು ಮುಗಿಯೋ ತನಕ ತಡೆ ಹಿಡಿದಿದ್ರಿ ಅಲ್ವಾ?" ಎಂದು ಕೇಳಿಯೇಬಿಟ್ಟೆ.

"ನಾನಾ? ಅದು ರೆಡಿಯಾಗಿ ತಿಂಗಳುಗಳಾದ್ವು. ಪ್ರತಿ ಸಲ ಚುಚ್ಚತ್ತೆ ಅಂತ ವಾಪಸ್ ಕೊಡ್ತಿದ್ದೋರು ನಿಮ್ಮಮ್ಮ."

ಅಮ್ಮನ ಕಡೆ ತಿರುಗಿದೆ. "ಚುಚ್ಚಲ್ಲ ಅಂದ್ರೆ ಇಲ್ಲಿ ಬಂದು ಕೂರೋಕೆ ನೆಪ ಏನಿರತ್ತೋ?" ಎಂದಳು. "ಮನೇಲಿ ನೀವಿಬ್ರೂ ಮಾತಾಡ್ತಿರ್ಲಿಲ್ಲ. ಇಲ್ಲಿ ನಾಲ್ಕು ಜನ ಸಿಗೋರು." ಆಮೇಲೆ ಒಂದು ಸೇಬು ತೆಗೆದುಕೊಂಡು ಎಲ್ಲರ ಮುಂದೆ ಕರುಂ ಎಂದು ಕಚ್ಚಿ ತೋರಿಸಿದಳು.

ಪರದೆಗೆ ಇವಳು ಬಿಲ್ಲು ಕೊಟ್ಟಳು. ಡಾಕ್ಟರು ಗೊಣಗಿದರು, ಕೊಟ್ಟರು.

ಡಿಸೆಂಬರ್ 2, ಶನಿವಾರ

ಒಂದು ತಿಂಗಳು ಬರೆಯಲು ಪುರುಸೊತ್ತೇ ಆಗಲಿಲ್ಲ. ಮೇಜು ಮಾಡಿಸಿದ್ದು, ಎರಡನೇ ಮೆಷಿನ್ ಬಂದದ್ದು, ಬೋರ್ಡಿನಲ್ಲಿ ಅವಳ ಹೆಸರು ಬರೆಸಿದ್ದು, ಎಷ್ಟೆಲ್ಲ ಇದೆ. ಮೆಷಿನ್ ಓಡಿದರೆ ಗೋಡೆ ಅದುರಿ ನನ್ನ ಕೈಯಲ್ಲಿರೋ ಡ್ರಿಲ್ಲು ಅಲ್ಲಾಡತ್ತೆ ಎಂದು ಡಾಕ್ಟರು ದೂರು ತಂದಿದ್ದರು. ನನ್ನ ಹತ್ತಿರ ಹೇಳಿ ಏನು ಪ್ರಯೋಜನ, ಅವಳನ್ನೇ ಕೇಳಿ ಎಂದೆ. ಈಗ ಅವರು ಹಲ್ಲು ಕೊರೆಯುವ ಮುಂಚೆ ಗೋಡೆಗೆ ಎರಡು ಸಲ ತಟ್ಟುತ್ತಾರೆ, ಆ ಕಡೆ ಮೆಷಿನ್ ನಿಲ್ಲುತ್ತದೆ.

ಇವತ್ತು ಮೊದಲ ದೊಡ್ಡ ಮಾಲು ಹೊರಟಿತು. ನಮ್ಮದೇ ಸ್ಕೂಲಿಗೆ. ಸ್ಕೂಲಿಗೆ ತಾನೆ ಮಾಲು, ಬಸ್ಸಲ್ಲೇ ತಂದುಬಿಡಿ ಎಂದರು ಸ್ಕೂಲಿನ ಮ್ಯಾನೇಜರ್. ಡಾಕ್ಟರು ಕಾರು ಹಿಂದೆ ತೆಗೆದು ಬಸ್ಸಿಗೆ ಜಾಗ ಮಾಡಿಕೊಟ್ಟರು. ಬ್ಯಾಗುಗಳನ್ನು ಕೆಳಗೆ ರಾಶಿ ಹಾಕೋಣ ಎಂದೆ. ಅವಳು ಒಪ್ಪಲಿಲ್ಲ. ಸೀಟಿಗೆ ಎರಡರಂತೆ ಕೂರಿಸಿದಳು, ನೀಲಿ ಒಂದು ಕಡೆ, ಕಂದು ಒಂದು ಕಡೆ, ಎಲ್ಲವೂ ನೆಟ್ಟಗೆ, ಕಿಟಕಿಯಿಂದ ಆಚೆ ನೋಡುವ ಹಾಗೆ.

ತಾನು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಈ ಬಸ್ಸು ಹತ್ತಿದ್ದು ಇದೇ ಮೊದಲು. ತಿರುವಿನಲ್ಲಿ, ಸಿಗ್ನಲಿನಲ್ಲಿ, ತಿರುಗಿ ತಿರುಗಿ ಹಿಂದೆ ನೋಡುತ್ತಿದ್ದಳು.

"ಹಂಪ್ ಬಂದ್ರೆ ಮೊದ್ಲೇ ಹೇಳಿ," ಎಂದಳು.

ಹಂಪ್ ಬಂತು. ಹೇಳಿದೆ. ಅವಳು ಎದ್ದು ಮೊದಲ ಸಾಲಿನ ಬ್ಯಾಗುಗಳಿಗೆ ಕೈ ಅಡ್ಡ ಹಿಡಿದಳು. ಮಕ್ಕಳು ಕೂತಿರುವಾಗಲೂ ನಾನು ಅಷ್ಟು ಮೆಲ್ಲಗೆ ದಾಟಿಸಿದ್ದಿಲ್ಲ. ಹಿಂದಿನವನು ಹಾರ್ನ್ ಹೊಡೆದೇ ಹೊಡೆದ.

"ಹೊಡ್ಕೊಳ್ಲಿ ಬಿಡಿ," ಎಂದಳು.

ನಾನೂ ಬಿಟ್ಟೆ.